ನವೆ ಪುರಾಣ

ಮೈ ಕೆರೆದುಕೊಳ್ಳುವ ಸುಖಕ್ಕೆ ನವರಸಗಳ ಸಾಲಿನಲ್ಲಿ ಜಾಗ ಸಿಗದೇ ಹೋದದ್ದು ದೊಡ್ಡ ಅನ್ಯಾಯ. ಪಾಂಡವಪುರದ ದೊಡ್ಡಪ್ಪನ ಕಣಕ್ಕೆ ಹುಲ್ಲಿನ ಮೆದೆ ಒಟ್ಟಲು ಹೋದ ದಿನ ಈ ಸತ್ಯ ನನಗೆ ಹೊಳೆಯಿತು. ಅಲ್ಲಿಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಫ್ಯಾನಿನ ಕೆಳಗೆ ಕೂತು ಬರೆಯುವವನಿಗೆ ಆಗೊಮ್ಮೆ ಈಗೊಮ್ಮೆ ಮಣ್ಣಿನ ಮಗನಾಗುವ ಹುಮ್ಮಸ್ಸು ಬರುತ್ತದೆ, ಅಷ್ಟೆ. ಒಂದೆರಡು ಹೊರೆ ಹೊರುವಷ್ಟರಲ್ಲಿ ಕುತ್ತಿಗೆಯಲ್ಲಿ ಹುಟ್ಟಿದ ನವೆ ಬೆನ್ನಿಗಿಳಿದು, ಕೈಗೆ ಎಟುಕದ ಜಾಗವನ್ನೇ ಆರಿಸಿ ಬೀಡುಬಿಟ್ಟಿತು.

ನಮ್ಮ ಕಡೆ ನವೆಗೆ ಔಷಧಿಗಿಂತ ಕಾರಣಗಳು ಹೆಚ್ಚು. ಕೆ.ಆರ್. ಪೇಟೆಯ ಅತ್ತೆ ಫೋನಿನಲ್ಲೇ, "ಬದ್ನೆಕಾಯಿ ತಿಂದಿರ್ತೀಯ, ನಂಜು" ಎಂದರು. ತಿಂದಿದ್ದೆ, ಬದನೆಕಾಯಿ ತಿನ್ನದ ವಾರ ನಮ್ಮಲ್ಲಿ ಯಾವುದಿದೆ? ನಾಗಮಂಗಲದ ಭಾವನಿಗೆ ದಾರಿಬದಿಯ ಕಾಂಗ್ರೆಸ್ ಗಿಡದ ಮೇಲೆ ಗುಮಾನಿ. ದೊಡ್ಡಪ್ಪ ಮಾತ್ರ ಕೊಬ್ಬರಿ ಎಣ್ಣೆಯ ಬಾಟಲಿ ನನ್ನತ್ತ ನೂಕಿ, "ಹೊಸಬರನ್ನ ಕಂಡ್ರೆ ಹುಲ್ಲಿಗೂ ತಮಾಷೆ ಕಣ್ಲಾ" ಎಂದು ತೀರ್ಪು ಕೊಟ್ಟರು.

ಆಗ ಬಾಯಿ ಹಾಕಿದವನು ಬೆಂಗಳೂರಿನಲ್ಲಿ ಜೀವವಿಜ್ಞಾನ ಓದುತ್ತಿರುವ ಅಕ್ಕನ ಮಗ. "ಮಾವ, ನಿಮ್ಮಂಗೇ ಕೆರ್ಕೊಳ್ಳೋ ಇಲಿ ಒಂದಿದೆ. ಎ18ಎಚ್ ಅಂತ."

"ಎಷ್ಟು ದಿನದ ಬೆಳೆ?" ಎಂದರು ದೊಡ್ಡಪ್ಪ.

ಅವರನ್ನು ನೋಡಿ ನಗುವ ಹಾಗಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಾಫ್ ರಾಗಿ ಹೊರತಂದ ಸೀಮೆ ಇದು. ಅಕ್ಷರದ ಪಕ್ಕ ಅಂಕಿ ಕಂಡರೆ ಅದು ಐಆರ್-64 ಭತ್ತವೋ, ಜಿಪಿಯು-28 ರಾಗಿಯೋ ಆಗಿರಲೇಬೇಕು. ಹಾಗೆ ನೋಡಿದರೆ ಈ ಇಲಿಯದೂ ಒಂದು ತಳಿಯೇ. ವಿಕಿರಣದ ದೆಸೆಯಿಂದ ಅದರ ಎರಡನೇ ಕ್ರೋಮೋಸೋಮಿನ ಒಂದು ತುಂಡು ತಲೆಕೆಳಗಾಗಿ ಕೂತುಬಿಟ್ಟಿತ್ತು. ಆ ಪಲ್ಲಟದಲ್ಲಿ ಎರಡು ಜೀನ್‌ಗಳು ಕೆಟ್ಟವು. ಒಂದು ತುಪ್ಪಳದ ಬಣ್ಣದ್ದು. ಅದು ಕೆಟ್ಟು ಇಲಿ ಕಪ್ಪಾಯಿತು. ಇನ್ನೊಂದು ಕೆಟ್ಟು ಇಲಿಗೆ ನವೆ ಹತ್ತಿತು. ಕೆರೆದೂ ಕೆರೆದೂ ಚರ್ಮವೆಲ್ಲ ಗಾಯ, ಒಳಗೆ ಶ್ವಾಸಕೋಶದಲ್ಲಿ ಉರಿಯೂತ. 1998ರಲ್ಲಿ ಅಮೆರಿಕದ ಜೆಂಕಿನ್ಸ್, ಕೋಪ್‌ಲ್ಯಾಂಡ್ ಮತ್ತು ಸಂಗಡಿಗರು ಈ ಎರಡನೆಯ ಜೀನನ್ನು ಹುಡುಕಿ ತೆಗೆದರು. ಅದರ ಹೆಸರು ಇಚ್, ಅಂದರೆ ನವೆ. ನವೆ ಬಾರದಂತೆ ಕಾಯುವುದಕ್ಕೇ ಆ ಹೆಸರು! ಜೀನ್‌ಗಳ ಲೋಕದಲ್ಲಿ ಇದು ವಾಡಿಕೆಯಂತೆ: ನೆಟ್ಟಗೆ ದುಡಿಯುವಷ್ಟು ಕಾಲ ಯಾರೂ ವಿಚಾರಿಸುವುದಿಲ್ಲ, ಕೈಕೊಟ್ಟ ಮೇಲೆ ನಾಮಕರಣ. ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ನಗಲಿಲ್ಲ, "ಹೂಂ" ಎಂದಳು.

ಇಚ್‌ನ ಕಸುಬನ್ನು ದೊಡ್ಡಪ್ಪನಿಗೆ ತಿಳಿಸಲು ಹುಡುಗ ಹೆದ್ದಾರಿಯತ್ತ ಕೈ ತೋರಿಸಿದ. ರಸ್ತೆ ಅಗಲ ಮಾಡುವವರು ಒಡೆಯಬೇಕಾದ ಗೋಡೆಗೆ ಕೆಂಪು ಬಣ್ಣ ಬಳಿದು ಹೋಗುತ್ತಾರಲ್ಲ, ಹಿಂದೆಯೇ ಜೆಸಿಬಿ ಬರುತ್ತದಲ್ಲ, ಜೀವಕೋಶದೊಳಗೂ ಅದೇ ಏರ್ಪಾಡು. ಬಣ್ಣದ ಹೆಸರು ಯುಬಿಕ್ವಿಟಿನ್, 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಯೀಸ್ಟಿಗೂ ಮನುಷ್ಯನಿಗೂ ಅದರಲ್ಲಿ ಮೂರೇ ವ್ಯತ್ಯಾಸ; ಇಲಿಗೂ ನಮಗೂ ಅಷ್ಟೂ ಇಲ್ಲ. ಜೆಸಿಬಿ ಎಂದರೆ ಪ್ರೋಟಿಯಾಸೋಮ್. ಬಣ್ಣ ಕಲಸುವ ಕಿಣ್ವ ಇ1, ಹೊತ್ತು ತರುವುದು ಇ2, ಯಾವ ಗೋಡೆಗೆ ಎಂದು ಆರಿಸುವುದು ಇ3. ನಮ್ಮ ಮೈಯಲ್ಲಿ ಇ1ಗಳು ಎರಡೇ ಬಗೆ, ಇ3ಗಳು 600ಕ್ಕೂ ಹೆಚ್ಚು.

"ಕಲ್ಸೋರು ಇಬ್ರು, ಕೈ ತೋರ್ಸೋರು ಆರ್ನೂರು. ಸರಿಯಾಗೇ ಅದೆ ಬುಡು" ಎಂದರು ದೊಡ್ಡಪ್ಪ.

ಇಚ್ ಅಂಥದೊಂದು ಇ3. ಅದು ಗುರುತು ಹಾಕುವ ಗೋಡೆಗಳಲ್ಲೊಂದು ಜುನ್‌ಬಿ ಎಂಬ ಪ್ರೋಟೀನು. ಮೈಕಾಯುವ ಟಿ ಕೋಶಗಳಲ್ಲಿ ಇಂಟರ್‌ಲ್ಯೂಕಿನ್-4ರಂಥ, ಅಲರ್ಜಿಯನ್ನು ಕೆರಳಿಸುವ ಸಂದೇಶಗಳು ಹೊರಡಲು ಜುನ್‌ಬಿ ನೆರವಾಗುತ್ತದೆ. ಕೆಲಸ ಮುಗಿದ ಮೇಲೆ ಅದು ತೊಲಗಬೇಕು. ಇಚ್ ಇಲ್ಲದ ಇಲಿಯಲ್ಲಿ ತೊಲಗುವುದಿಲ್ಲ. ಶತ್ರುವೇ ಇಲ್ಲದೆ ಯುದ್ಧ ನಡೆಯುತ್ತದೆ. ಮನುಷ್ಯರಲ್ಲೂ ಇಂಥದ್ದುಂಟು: 2010ರಲ್ಲಿ ಅಮೆರಿಕದ ಆಮಿಶ್ ಸಮುದಾಯದ ಕೆಲವು ಮಕ್ಕಳಲ್ಲಿ ಈ ಜೀನ್ ಕೆಟ್ಟು, ದೇಹ ತನ್ನ ಅಂಗಗಳ ಮೇಲೆ ತಾನೇ ಮುಗಿಬಿದ್ದದ್ದು ವರದಿಯಾಯಿತು.

ನನ್ನ ಬೆನ್ನಿನ ಮೇಲೆ ನನಗೆ ಏಕಾಏಕಿ ಗೌರವ ಮೂಡಿತು. "ಹಾಗಾದ್ರೆ ನನ್ನದೂ...?" ಎಂದೆ.

"ನಿಮ್ಮ ಇಚ್ ಚೆನ್ನಾಗೇ ಇದೆ ಮಾವ. ಇದು ಬರೀ ಹುಲ್ಲಿನ ನವೆ."

ಅಂತರರಾಷ್ಟ್ರೀಯ ಮಟ್ಟದ ಕಾಯಿಲೆಯೊಂದು ಹೀಗೆ ಕೈತಪ್ಪಿತು.

ಆದರೂ ಯೋಚನೆ ಬಿಡಲಿಲ್ಲ. ಕಟ್ಟುವ ಕೆಲಸಕ್ಕೆ ಶಂಕುಸ್ಥಾಪನೆ, ಹಾರ, ಭಾಷಣ; ಕಳೆಯುವ ಕೆಲಸಕ್ಕೆ ಏನುಂಟು? ವಿಜ್ಞಾನಿಗಳೂ ಪ್ರೋಟೀನು ತಯಾರಾಗುವುದನ್ನೇ ಮುಗಿಬಿದ್ದು ನೋಡುತ್ತಿದ್ದ ಕಾಲದಲ್ಲಿ ಸಿಯೆಚನೋವರ್, ಹರ್ಷ್ಕೊ, ರೋಸ್ ಎಂಬ ಮೂವರು ಅದು ಹೇಗೆ ಅಳಿಯುತ್ತದೆಂದು ಬೆನ್ನು ಹತ್ತಿದರು. 1980ರ ಆಸುಪಾಸಿನ ಆ ದುಡಿಮೆಗೆ ನೊಬೆಲ್ ಬಂದದ್ದು 2004ರಲ್ಲಿ. ಅಳಿಯುವುದು ಹೊತ್ತಿಗೆ ಸರಿಯಾಗಿ ಅಳಿದರೇನೇ ಉಳಿದದ್ದಕ್ಕೆ ನೆಮ್ಮದಿ ಎಂಬುದನ್ನು ಒಪ್ಪಿಕೊಳ್ಳಲು ನಮಗೆ ಅಷ್ಟು ಕಾಲ ಬೇಕಾಯಿತು.

ದೊಡ್ಡಪ್ಪನ ತಲೆಯಲ್ಲಿ ಬೇರೆಯೇ ಪ್ರಶ್ನೆ. "ಊರಿಗೆಲ್ಲ ಗುರ್ತು ಹಾಕ್ತಾನಲ್ಲ ನಿನ್ನ ಇಚ್ಚಪ್ಪ, ಅವನ ಗೋಡೆಗೆ ಯಾರ್ಲಾ ಬಣ್ಣ ಬಳಿಯೋರು?"

"ಅವನೇ ಬಳ್ಕೊಳ್ತಾನೆ ತಾತ. ಇಚ್ ತನಗೆ ತಾನೇ ಯುಬಿಕ್ವಿಟಿನ್ ಅಂಟಿಸ್ಕೊಳ್ಳುತ್ತೆ. ಅದನ್ನ ಕಿತ್ತು ಉಳಿಸೋಕೆ ಇನ್ನೊಂದು ಕಿಣ್ವ ಬರ್ಬೇಕು."

ದೊಡ್ಡಪ್ಪ ಎಲೆಯಡಿಕೆ ಉಗಿದು ಬಂದು ಕೂತರು. "ಅಂಥವನು ಪಂಚಾಯ್ತಿಗೆ ನಿಂತ್ರೆ ಹೇಳ್ಲಾ. ಇಲಿ ಅಂತ ನೋಡಕಿಲ್ಲ, ನನ್ ಓಟು ಅವನಿಗೇಯ."