ಪ್ಯಾಡಿಂಗ್ಟನ್ನಿಗೆ ಇಪ್ಪತ್ತೇ ನಿಮಿಷ

ಲಂಡನ್ನಿಗೆ ಕೆಲಸಕ್ಕೆಂದು ಬಂದ ಕನ್ನಡಿಗ ಲಂಡನ್ನಿನಲ್ಲಿ ವಾಸ ಮಾಡುವುದಿಲ್ಲ. ಲಂಡನ್ನಿನಲ್ಲಿ ಅವನ ಆಫೀಸು ಇರುತ್ತದೆ, ಅಷ್ಟೇ. ಅವನ ಹೆಂಡತಿ, ಮಕ್ಕಳು, ಕುಕ್ಕರು ಎಲ್ಲ ಇರುವುದು ರೆಡಿಂಗ್, ಲೂಟನ್, ವಾಟ್‌ಫರ್ಡ್, ಮಿಲ್ಟನ್ ಕೀನ್ಸ್, ಸ್ಲೌ ಎಂಬ ಊರುಗಳಲ್ಲಿ. ಯುಗಾದಿ ಕಾರ್ಯಕ್ರಮದ ಬಾಡಿಗೆ ಹಾಲಿನಲ್ಲಿ ಹೋಳಿಗೆ ತಟ್ಟೆ ಹಿಡಿದು ನಿಂತ ಇಬ್ಬರು ಹೊಸಬರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ‘ನಿಮ್ಮದು ಯಾವ ಸ್ಟೇಷನ್ನು?’ 1983ರಲ್ಲಿ ಇಲ್ಲಿ ಕನ್ನಡ ಬಳಗ ಕಟ್ಟಿದ ಕಾಲದ ಹಿರಿಯರಿಗೆ ಈ ತಾಪತ್ರಯ ಇರಲಿಲ್ಲ. ಅವರಲ್ಲಿ ಬಹಳ ಮಂದಿ ಡಾಕ್ಟರು. ಆಸ್ಪತ್ರೆ ಎಲ್ಲಿತ್ತೋ ಮನೆಯೂ ಅಲ್ಲೇ. ಕಂಪ್ಯೂಟರಿನವರು ಬಂದ ಮೇಲೆ ಕನ್ನಡಿಗರ ನಕ್ಷೆಯೆಲ್ಲ ರೈಲು ಹಳಿಯ ಗುಂಟ ಹರಡಿಕೊಂಡಿತು.

ನಾನು ಬೆಳವಣಕಿಯವಳು. ಬೆಳವಣಕಿ ಎಲ್ಲಿ ಎಂದರೆ ರೋಣದ ಹತ್ತಿರ, ರೋಣ ಎಲ್ಲಿ ಎಂದರೆ ಗದಗಿನ ಹತ್ತಿರ, ಗದಗ ಎಲ್ಲಿ ಎಂದರೆ ಹುಬ್ಬಳ್ಳಿಯ ಹತ್ತಿರ. ಇಂಗ್ಲಿಷರು ಕೇಳಿದರೆ ಬೆಂಗಳೂರಿನ ಹತ್ತಿರ. ನಡುವೆ ನಾನೂರು ಕಿಲೋಮೀಟರ್ ಇದ್ದರೆ ಇರಲಿ, ಅಳೆಯಲು ಯಾರು ಬರುತ್ತಾರೆ? ಹೀಗೆ ದೊಡ್ಡ ಊರಿನ ಸೆರಗು ಹಿಡಿದು ವಿಳಾಸ ಹೇಳಿಯೇ ಬೆಳೆದವಳಿಗೆ ಲಂಡನ್ನಿನ ಹತ್ತಿರದ ಯಾವ ಊರಾದರೂ ನಡೆಯುತ್ತಿತ್ತು. ನಡೆಯದೇ ಇದ್ದದ್ದು ನಮ್ಮವರಿಗೆ.

ನಮ್ಮವರು ತುಮಕೂರಿನವರು. ನಮ್ಮ ಮಾವನವರು ತುಮಕೂರಿನಲ್ಲಿ ಮನೆ ಮಾಡಿ, ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನ ಆಫೀಸಿಗೆ ರೈಲಿನಲ್ಲಿ ಓಡಾಡಿಯೇ ನಿವೃತ್ತರಾದವರು. ಆ ಬೋಗಿಯಲ್ಲೇ ಇಸ್ಪೀಟು, ಆ ಬೋಗಿಯಲ್ಲೇ ಅವರೆಕಾಯಿ ಸುಲಿಯುವುದು, ಆ ಬೋಗಿಯಲ್ಲೇ ನನ್ನ ನಾದಿನಿಯ ಮದುವೆ ಮಾತುಕತೆ. ತುಮಕೂರಿನ ಜನ ತಾವು ಓಡಾಡುವ ರೈಲಿಗೆ ಹುಟ್ಟುಹಬ್ಬ ಮಾಡುವಷ್ಟು ಭಾವುಕರು. ಹೀಗಾಗಿ ಓಡಾಟ ಎಂಬ ಶಾಸ್ತ್ರ ತಮ್ಮ ರಕ್ತದಲ್ಲೇ ಇದೆ ಎಂದು ನಮ್ಮವರು ಒಂದು ಎಕ್ಸೆಲ್ ಶೀಟು ತೆರೆದರು. ಮನೆಯ ಬೆಲೆ, ಸ್ಟೇಷನ್ನಿಗೆ ನಡಿಗೆ, ರೈಲಿನ ನಿಮಿಷ, ಸೀಸನ್ ಟಿಕೆಟ್, ಕೌನ್ಸಿಲ್ ಟ್ಯಾಕ್ಸು, ಶಾಲೆಗೆ ಆಫ್‌ಸ್ಟೆಡ್ ಎಂಬ ತಪಾಸಣೆಯವರು ಕೊಟ್ಟ ದರ್ಜೆ. ಜೋಳದ ಹಿಟ್ಟಿಗೆ ಕಾಲಂ ಇರಲಿಲ್ಲ. ಕೇಳಿದ್ದಕ್ಕೆ, ‘ಅದು ಅಮೆನಿಟೀಸ್‌ನಲ್ಲಿ ಬರುತ್ತೆ ಕಣೇ’ ಎಂದರು. ಅಮೆನಿಟೀಸ್ ಕಾಲಂ ನೋಡಿದರೆ ಅಲ್ಲಿದ್ದದ್ದು ಕಾಫಿ ಅಂಗಡಿ ಮತ್ತು ಜಿಮ್ಮು.

ಅಗ್ಗ, ಹತ್ತಿರ, ಚೆಂದ: ಈ ಮೂರರಲ್ಲಿ ಯಾವುದಾದರೂ ಎರಡು ಸಿಗುತ್ತವೆ, ಮೂರನೆಯದಕ್ಕೆ ಕೈ ಹಾಕಿದರೆ ಮೊದಲಿನವು ಜಾರುತ್ತವೆ. ಇಂಗ್ಲಿಷರು ಇದಕ್ಕೆ ನೂರು ವರ್ಷಕ್ಕೂ ಮಿಕ್ಕಿ ತಲೆ ಕೆಡಿಸಿಕೊಂಡಿದ್ದಾರೆ. ಎಬೆನೆಜರ್ ಹೊವಾರ್ಡ್ ಎಂಬಾತ 1898ರಲ್ಲಿ ಪುಸ್ತಕ ಬರೆದು ಅದರಲ್ಲಿ ಮೂರು ಆಯಸ್ಕಾಂತಗಳ ಚಿತ್ರ ಹಾಕಿದ: ಪಟ್ಟಣದ್ದೊಂದು, ಹಳ್ಳಿಯದೊಂದು, ಎರಡರ ಒಳ್ಳೆಯದನ್ನೂ ಕೂಡಿಸಿದ್ದೊಂದು. 1903ರಲ್ಲಿ ಲೆಚ್‌ವರ್ತ್ ಎಂಬ ಉದ್ಯಾನನಗರ ಶುರುವಾದದ್ದು ಆ ಚಿತ್ರದಿಂದಲೇ. ಚಿತ್ರದ ನಡುವೆ ‘ಜನ ಎಲ್ಲಿಗೆ ಹೋಗುತ್ತಾರೆ?’ ಎಂಬ ಪ್ರಶ್ನೆಯೂ ಇದೆ. ಹೊವಾರ್ಡನಿಗೆ ಹೆಂಡತಿಯ ತವರು ಎಂಬ ನಾಲ್ಕನೆಯ ಆಯಸ್ಕಾಂತ ಹೊಳೆದಿರಲಿಲ್ಲ.

ನನ್ನ ತವರಿನ ಆಯಸ್ಕಾಂತ ವಾಟ್ಸಾಪಿನಲ್ಲಿತ್ತು. ಪ್ರತಿ ಭಾನುವಾರ ಅಪ್ಪ ಅಗಸಿ ಕಟ್ಟೆಯ ಮೇಲೆ ಕೂತು ವಿಡಿಯೋ ಕಾಲ್ ಮಾಡುತ್ತಿದ್ದ. ಅವನ ಭುಜದ ಹಿಂದೆ ಮೂರು ನಾಲ್ಕು ರುಮಾಲುಗಳು, ಒಂದು ಗಾಂಧಿ ಟೊಪ್ಪಿಗೆ. ಲಂಡನ್ ಸುತ್ತಲಿನ ಊರುಗಳ ಯೋಗ್ಯತೆ ತೀರ್ಮಾನವಾಗುತ್ತಿದ್ದದ್ದು ಈ ಸಮಿತಿಯಲ್ಲಿ.

ಮೊದಲು ಬಂದದ್ದು ರೆಡಿಂಗ್. ಪ್ಯಾಡಿಂಗ್ಟನ್ನಿಗೆ ಅರ್ಧ ತಾಸೂ ಬೇಡ. ‘ವರ್ಷದ ಪಾಸು ಐದು ಸಾವಿರ ಪೌಂಡಿನ ಮ್ಯಾಲೆ ಆಗ್ತದಪ್ಪಾ’ ಎಂದೆ. ಅಪ್ಪ ರೂಪಾಯಿಗೆ ತಿರುಗಿಸಿದ. ಬೆನ್ನ ಹಿಂದಿನ ಸಮಿತಿ ಅದನ್ನು ಟ್ರ್ಯಾಕ್ಟರಿಗೆ ತಿರುಗಿಸಿತು.

‘ವರ್ಷಾ ಒಂದು ಸಣ್ಣ ಟ್ರ್ಯಾಕ್ಟರ್ ಆತಲ್ಲ ಯವ್ವಾ! ಕುಂತ್ಕೊಂಡರ ಹೋಗ್ತಾರೋ ಇಲ್ಲೋ ಅಳಿಯಾರು?’

‘ಮುಂಜಾನಿ ಗದ್ದಲ ಇರ್ತದಪ್ಪಾ. ಒಮ್ಮೊಮ್ಮೆ ನಿಂತ್ಕೊಂಡ ಹೋಗಬೇಕು.’

‘ಟ್ರ್ಯಾಕ್ಟರ್ ರೊಕ್ಕ ಕೊಟ್ಟು ನಿಂತ್ಕೊಂಡು? ರೋಣದ ಬಸ್ಸಿನ್ಯಾಗ ಕಿಡಕ್ಯಾಗ ಟಾವೆಲ್ ಒಗದ್ರ ಸೀಟ್ ಸಿಗ್ತೈತಿ!’

ರೆಡಿಂಗ್ ಬಿದ್ದುಹೋಯಿತು. ಸ್ವಿಂಡನ್ ಅಗ್ಗವೇ, ಆದರೆ ರೈಲು ಒಂದು ತಾಸಿನದು. ಅದರ ಸೀಸನ್ ಟಿಕೆಟ್ಟಿನ ದರವನ್ನು ಕಟ್ಟೆಗೆ ತಿಳಿಸುವ ಧೈರ್ಯ ನನಗೆ ಬರಲಿಲ್ಲ.

ಮಿಲ್ಟನ್ ಕೀನ್ಸ್ ಮೇಲೆ ನಮ್ಮವರಿಗೆ ಬಹಳ ಮನಸ್ಸಿತ್ತು. 1967ರಲ್ಲಿ ಸರ್ಕಾರ ಹೊಸದಾಗಿ ಕಟ್ಟಲು ಹೊರಟ ಊರು. ಉದ್ದ ರಸ್ತೆಗಳಿಗೆ ವಿ, ಅಡ್ಡ ರಸ್ತೆಗಳಿಗೆ ಎಚ್ ಎಂದು ನಂಬರು, ಕೂಡಿದಲ್ಲೆಲ್ಲ ವೃತ್ತಗಳು. ಎಕ್ಸೆಲ್ ಶೀಟಿನಲ್ಲಿ ಎಕ್ಸೆಲ್ ಶೀಟಿನಂಥದೇ ಊರು ಸಿಕ್ಕರೆ ಯಾರಿಗೆ ಖುಷಿಯಾಗುವುದಿಲ್ಲ? ಒಂದು ಶನಿವಾರ ಊರು ನೋಡಲು ಹೋದೆವು. ಹೆಣ್ಣು ನೋಡಲು ಹೋದವರಂತೆ ಇಸ್ತ್ರಿ ಅಂಗಿ ಹಾಕಿಕೊಂಡು, ಸಿಕ್ಕಿದ್ದೆಲ್ಲದರಲ್ಲೂ ಐಬು ಹುಡುಕುತ್ತ. ಅಲ್ಲಿ ಹೊಲದಲ್ಲಿ ಕಾಂಕ್ರೀಟಿನ ಆಕಳುಗಳಿವೆ. ಲಿಜ್ ಲೇ ಎಂಬ ಕಲಾವಿದೆ 1978ರಲ್ಲಿ ಮಾಡಿದವು, ಮೂರು ಆಕಳು ಮೂರು ಕರು. ಮೂಲದವು ಈಗ ಮ್ಯೂಸಿಯಮ್ಮಿನಲ್ಲಿವೆ, ಹೊಲದಲ್ಲಿರುವವು ಅವುಗಳ ನಕಲು. ನಾನು ಹುಮ್ಮಸ್ಸಿನಿಂದ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿ ಫೋನು ಅತ್ತ ತಿರುಗಿಸಿದೆ.

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ‘ಜರ್ಸಿ ಏನಬೇ?’

‘ಅಲ್ಲಪ್ಪಾ, ಕಾಂಕ್ರೀಟು.’

ಹಿಂದಿನ ರುಮಾಲುಗಳೆಲ್ಲ ಮುಂದಕ್ಕೆ ಬಂದವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಗಾಂಧಿ ಟೊಪ್ಪಿಗೆಯ ಕಾಕಾ, ‘ಮೇವು ಉಳೀತೈತಿ ಬಿಡು’ ಎಂದ. ಅಪ್ಪನದು ಬೇರೆಯೇ ಚಿಂತೆ: ‘ಆಕಳಾ ಸಿಮಿಟಿನ್ಯಾಗ ಮಾಡೋ ಊರಾಗ ಹಾಲು ಎಂಥಾದಿದ್ದೀತು?’ ಅಲ್ಲಿಗೆ ಮಿಲ್ಟನ್ ಕೀನ್ಸ್ ಕೂಡ ಮುಗಿಯಿತು. ನಮ್ಮವರು ಆ ರಾತ್ರಿ ಎಕ್ಸೆಲ್ಲಿನ ಆ ಸಾಲನ್ನು ಅಳಿಸಲಾರದೆ ಬೂದು ಬಣ್ಣ ಬಳಿದು ಇಟ್ಟುಕೊಂಡರು.

ಉಳಿದದ್ದು ಸ್ಲೌ. ಇಂಗ್ಲಿಷರಿಗೆ ಸ್ಲೌ ಎಂದರೆ ನಗು. ಜಾನ್ ಬೆಚಮನ್ ಎಂಬ ದೊಡ್ಡ ಕವಿ 1937ರಲ್ಲಿ, ಆ ಊರಿನ ಮೇಲೆ ಬಾಂಬು ಬೀಳಲಿ ಎಂದು ಪದ್ಯವನ್ನೇ ಬರೆದಿದ್ದ. ಹಾಗೆ ಬರೆದದ್ದಕ್ಕೆ ಕವಿಗೇ ಬೇಸರವಿತ್ತು ಎಂದು 2006ರಲ್ಲಿ ಅವನ ಮಗಳು ಹೇಳಬೇಕಾಯಿತು. ಟಿ.ವಿ.ಯವರು ‘ದಿ ಆಫೀಸ್’ ಧಾರಾವಾಹಿಯ ಪೆದ್ದ ಮ್ಯಾನೇಜರನನ್ನೂ ತಂದು ಕೂರಿಸಿದ್ದು ಇದೇ ಊರಿನಲ್ಲಿ. ಕಟ್ಟೆಗೆ ಕವಿಯ ಸಂಗತಿ ಹೇಳಿದಾಗ ಬಂದ ವಿಮರ್ಶೆ ಇಷ್ಟೇ: ‘ಅವಂಗಲ್ಲಿ ಬಾಡಿಗಿ ಮನಿ ಸಿಕ್ಕಿರ್ಲಿಕ್ಕಿಲ್ಲ.’ ವಿಮರ್ಶೆ ಎಂದರೆ ಹೀಗಿರಬೇಕು. ಅವಮಾನಕ್ಕೂ ಮಾರುಕಟ್ಟೆಯಲ್ಲಿ ಒಂದು ಬೆಲೆ ಇದೆ. ಪಕ್ಕದ ವಿಂಡ್ಸರಿಗೂ ಇಲ್ಲಿಗೂ ಇರುವ ಮನೆ ದರದ ಅಂತರದಲ್ಲಿ ಆ ಪದ್ಯದ ಪಾಲೂ ಇದೆ ಎಂದು ನನ್ನ ಬಲವಾದ ಗುಮಾನಿ. ಉಳಿದ ಪಾಲು ಹೀಥ್ರೋದಿಂದ ಎದ್ದು ನೆತ್ತಿಯ ಮೇಲೆ ಹಾರುವ ವಿಮಾನಗಳದು.

ಒಬ್ಬೊಬ್ಬರ ಮತ ಒಂದೊಂದು ಕಾರಣಕ್ಕೆ ಬಿತ್ತು. ಮಾರ್ಸ್ ಚಾಕೊಲೇಟು 1932ರಲ್ಲಿ ಮೊದಲು ತಯಾರಾದದ್ದು ಸ್ಲೌನಲ್ಲೇ ಎಂದು ತಿಳಿದ ನಮ್ಮ ಮಗಳು ಮನೆ ನೋಡುವ ಮೊದಲೇ ಒಪ್ಪಿದಳು. ಪ್ಯಾಡಿಂಗ್ಟನ್ನಿಗೆ ಫಾಸ್ಟ್ ಟ್ರೇನಿನಲ್ಲಿ ಇಪ್ಪತ್ತೇ ನಿಮಿಷ, 2022ರಿಂದ ಎಲಿಜಬೆತ್ ಲೈನ್ ಬೇರೆ ಲಂಡನ್ನಿನ ಹೊಟ್ಟೆಯೊಳಗೇ ತಂದು ಇಳಿಸುತ್ತದೆ ಎಂದು ನಮ್ಮವರು ಕರಗಿದರು. ಸ್ಟೇಷನ್ನಿನಿಂದ ಬರುವ ದಾರಿಯ ದೇಸಿ ಅಂಗಡಿಯಲ್ಲಿ ‘ಜುವಾರ್’ ಎಂದು ಬರೆದ ಹಿಟ್ಟಿನ ಚೀಲವನ್ನು ನಾನು ಹಿಚುಕಿ ನೋಡಿದೆ; ಹಿಟ್ಟು ಮುಗ್ಗಲಾಗಿರಲಿಲ್ಲ. ಇನ್ನು ಕಟ್ಟೆ: ಸ್ಲೌನಿಂದ ವಿಂಡ್ಸರಿಗೆ ಪುಟ್ಟ ರೈಲೊಂದಿದೆ, ಆರು ನಿಮಿಷದ ದಾರಿ, ಇಳಿದರೆ ಎದುರಿಗೇ ಅರಸನ ಕೋಟೆ ಎಂದು ನಾನು ಹೇಳಿದ್ದೇ ತಡ, ಗೊತ್ತುವಳಿ ಸರ್ವಾನುಮತದಿಂದ ಪಾಸಾಯಿತು. ‘ನಮ್ಮ ಹುಡುಗಿ ಮನಿ ರಾಜನ ಮನಿ ಬಾಜೂಕ’ ಎಂಬ ಸುದ್ದಿ ರೋಣದ ಸಂತೆ ಮುಟ್ಟಲು ಆರು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಮನೆ ತೋರಿಸಲು ಬಂದ ಏಜೆಂಟು ಚೂಪು ಬೂಟಿನ ಹುಡುಗ. ಸೆಮಿ-ಡಿಟ್ಯಾಚ್ಡ್ ಮನೆ, ಅಂದರೆ ಒಂದು ಗೋಡೆ ನಮಗೂ ಪಕ್ಕದವರಿಗೂ ಸೇರಿ ಒಂದೇ. ನಮ್ಮವರು ಬಾಯ್ಲರಿನ ವಯಸ್ಸು ಕೇಳುತ್ತಿದ್ದರು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಅಂಗೈಯಿಂದ ನಾಲ್ಕು ಸಲ ತಟ್ಟಿ ನೋಡಿದೆ, ರೊಟ್ಟಿಯ ಲೆಕ್ಕದಲ್ಲಿ. ಕಟ್ಟೆ ಆ ಜೋಡು ಗೋಡೆಗೆ ಅಂಟಿಕೊಂಡೇ ಇತ್ತು. ಆಚೆ ಬದಿಯಿಂದ ನಾಯಿಯೊಂದು ನಾಲ್ಕು ಸಲ ಬೊಗಳಿತು. ಏಜೆಂಟು ಮುಗುಳ್ನಕ್ಕು, ‘ಅಕ್ಕಪಕ್ಕದವರು ತುಂಬ ಸ್ನೇಹಜೀವಿಗಳು’ ಎಂದ. ಆಮೇಲೆ ಹಿಂಬಾಗಿಲು ತೆರೆದು, ತುರುಪಿನ ಎಲೆ ಎಸೆಯುವ ಗತ್ತಿನಲ್ಲಿ, ‘ತೋಟ ದಕ್ಷಿಣಕ್ಕಿದೆ!’ ಎಂದ. ಬಿಸಿಲಿಗೆ ಹಾತೊರೆಯುವ ಈ ದೇಶದಲ್ಲಿ ದಕ್ಷಿಣದ ತೋಟಕ್ಕೆ ಹೆಚ್ಚಿನ ಬೆಲೆ. ನಮ್ಮವರ ಮುಖ ಇಳಿಯಿತು. ದಕ್ಷಿಣ ಎಂದರೆ ಯಮನ ದಿಕ್ಕು, ಮಾವನಿಗೆ ಏನು ಹೇಳುವುದು?

ಫೋನಿನಲ್ಲಿ ಅಪ್ಪ ತಲೆ ತುರಿಸಿಕೊಂಡು ಲೆಕ್ಕ ಹಾಕಿದ. ‘ಹಿತ್ತಲ ದಕ್ಷಿಣಕ್ಕ ಅಂದ್ರ ತಲಬಾಗಲ ಉತ್ತರಕ್ಕ ಆತಲ್ಲ. ಕುಬೇರನ ದಿಕ್ಕು! ಹಿಡೀರಿ ಅದನ್ನ, ಬಿಡಬ್ಯಾಡ್ರಿ.’ ಏಜೆಂಟಿಗೆ ಬಿಸಿಲಿನ ಬೆಲೆ, ನಮಗೆ ಕುಬೇರ ಪುಕ್ಕಟೆ.

ಮನೆ ಕೊಂಡು, ಸಾಮಾನು ಬಿಚ್ಚುವ ಹೊತ್ತಿಗೆ ಆಫೀಸಿನವರು ವಾರಕ್ಕೆ ಮೂರು ದಿನ ಬಂದರೆ ಸಾಕು ಎಂದರು. ಇದು ಕಟ್ಟೆಗೆ ಗೊತ್ತಾಗಬಾರದಿತ್ತು. ‘ಮೂರ ದಿನಾ ಅಂದ್ರ ಬೆಳವಣಕಿಂದನ ಓಡಾಡಬಹುದಿತ್ತಲ್ಲೋ’ ಎಂದು ಕಾಕಾ ಶುರು ಮಾಡಿದ. ಮನೆ ಇದ್ದೇ ಇದೆ, ಬಾಡಿಗೆ ಇಲ್ಲ. ಎರಿ ಹೊಲದ ಜೋಳ, ತಲಬಾಗಿಲು ಮೂಡಣಕ್ಕೆ, ಗೋಡೆ ಎರಡು ಮೊಳ ದಪ್ಪ, ಎಷ್ಟು ಬೇಕಾದರೂ ರೊಟ್ಟಿ ಬಡಿ. ನಮ್ಮವರ ಕಾಲಮ್ಮುಗಳಿಗೆಲ್ಲ ಬೆಳವಣಕಿ ಪೂರ್ತಿ ಅಂಕ ತೆಗೆದುಕೊಂಡಿತು, ರೈಲಿನ ನಿಮಿಷ ಒಂದನ್ನು ಬಿಟ್ಟು.

ಮರುಬೇಸಿಗೆ ಅಪ್ಪನೇ ಬಂದ. ಅವನಿಗೆ ಅರಸನ ಕೋಟೆಗಿಂತ ಮೊದಲು ಬಸವಣ್ಣನನ್ನು ನೋಡಬೇಕಿತ್ತು. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ ಅನಾವರಣ ಮಾಡಿದ ಮೂರ್ತಿ. ಭಾನುವಾರ ಅಪ್ಪ ಧೋತರ, ಕೋಟು, ಟೊಪ್ಪಿಗೆ ಹಾಕಿಕೊಂಡ; ಎಲ್ಲರೂ ಸ್ಟೇಷನ್ನಿಗೆ ಬಂದೆವು. ಭಾನುವಾರ ಈ ದೇಶದಲ್ಲಿ ಹಳಿ ರಿಪೇರಿಯ ದಿನ. ಬೋರ್ಡಿನ ಮೇಲೆ ನಮ್ಮ ಗಾಡಿ ಹತ್ತು ನಿಮಿಷ ತಡ ಎಂದಿತು, ಆಮೇಲೆ ಇಪ್ಪತ್ತೈದು, ಆಮೇಲೆ ಏನೂ ಹೇಳಲಿಲ್ಲ. ನಮ್ಮವರು ಫೋನಿನಲ್ಲಿ ಬೇರೆ ಗಾಡಿ ಹುಡುಕುತ್ತ ಅಪ್ಪನ ಕಣ್ಣು ತಪ್ಪಿಸುತ್ತಿದ್ದರು.

ಅಪ್ಪ ಐದನೆಯ ಪ್ಲಾಟ್‌ಫಾರ್ಮಿನಲ್ಲಿ ಅಡ್ಡಾಡುತ್ತ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತ. ಅದರೊಳಗೆ ಜಿಮ್ ಎಂಬ ನಾಯಿ ಇದೆ. 1894ರಿಂದ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ರೈಲ್ವೆ ನೌಕರರ ವಿಧವೆಯರ, ಅನಾಥ ಮಕ್ಕಳ ನಿಧಿಗೆ ಕಾಸು ಕೂಡಿಸುತ್ತಿತ್ತು. ಕಾಸು ಹಾಕಿದವರಿಗೆ ಬೊಗಳಿ ಉಪಕಾರ ಹೇಳುತ್ತಿತ್ತು. 1896ರಲ್ಲಿ ಸತ್ತ ಮೇಲೆ ಅದರ ಚರ್ಮಕ್ಕೆ ಹುಲ್ಲು ತುಂಬಿದಂತೆ ತುಂಬಿ ಸ್ಟೇಷನ್ನಿನಲ್ಲೇ ಇಟ್ಟಿದ್ದಾರೆ. ಅಪ್ಪನಿಗೆ ಇಂಗ್ಲಿಷು ಬಾರದು, ಇಸವಿ ಓದಲು ಬರುತ್ತದೆ. ಇಸವಿ ಓದಿದ. ಬೋರ್ಡಿನ ಕಡೆ ನೋಡಿದ. ಮತ್ತೆ ನಾಯಿಯ ಕಡೆ ನೋಡಿ ಅಳಿಯನನ್ನು ಕರೆದ.

‘ಅಳಿಯಾರ, ಇದಕ್ಕ ಯಾವ ಗಾಡಿ ಬರಬೇಕಾಗಿತ್ರಿ?’