ಪುನರಾಗಮನ ಲಕ್ಷಣ ಪ್ರಕರಣ

ಇನ್ನು ಪುನರಾಗಮನದ ವಿಚಾರ. ಪಾಶ್ಚಾತ್ಯ ಗಾಯಕರಲ್ಲಿ ಹೊಸ ಹಾಡುಗಳ ಎರಡು ಆಲ್ಬಂಗಳ ನಡುವಣ ಕಾಲಕ್ಕೆ ‘ಅಂತರ’ವೆಂದು ಹೆಸರು. ಐದು ವರ್ಷದೊಳಗಿನದು ರಜೆ, ಹತ್ತರೊಳಗಿನದು ಮೌನ. ಅದನ್ನೂ ಮೀರಿದ್ದು ಅಭಿಮಾನಿಗಳ ಪಾಲಿಗೆ ಸೂತಕ. ಮೌನವೋ ಸೂತಕವೋ ಕಳೆದು ಗಾಯಕರು ಮರಳುವುದೇ ಪುನರಾಗಮನ. ಅದು ನಾಲ್ಕು ವಿಧ.

ಒಂದನೆಯದು ಅತಿಥಿವರ್ಗ. ತಿಥಿ ತಿಳಿಸದೆ ಬರುವವರು ಅತಿಥಿಗಳು. 2003ರ ‘ರಿಯಾಲಿಟಿ’ ನಂತರ ಹೊಸ ಆಲ್ಬಂ ತಾರದಿದ್ದ ಡೇವಿಡ್ ಬೋವೀ, 2013ರ ಜನವರಿ 8ರಂದು, ತಮ್ಮ 66ನೆಯ ಹುಟ್ಟುಹಬ್ಬದ ದಿನ, ಸುಳಿವೇ ಕೊಡದೆ ಹಾಡೊಂದನ್ನು ಹೊರಬಿಟ್ಟರು. ಪತ್ರಕರ್ತರಿಗೆ ಎಸರಿಡುವಷ್ಟು ಹೊತ್ತೂ ಸಿಗಲಿಲ್ಲ.

ಎರಡನೆಯದು ವನವಾಸಿವರ್ಗ. ಕೇಟ್ ಬುಷ್ ಅವರ ‘ದಿ ರೆಡ್ ಶೂಸ್’ ಬಂದದ್ದು 1993ರ ನವೆಂಬರಿನಲ್ಲಿ, ‘ಏರಿಯಲ್’ 2005ರ ನವೆಂಬರಿನಲ್ಲಿ: ಹನ್ನೆರಡು ವರ್ಷ, ದುರ್ಯೋಧನನೂ ತಕರಾರು ತೆಗೆಯಲಾರ. ಕಾಡಿನಿಂದ ಅವರು ತಂದದ್ದು ಮಗನ ಮೇಲೊಂದು ಹಾಡು, ಬಟ್ಟೆ ಒಗೆಯುವ ಯಂತ್ರವನ್ನು ಕುರಿತು ಒಂದು, ಪೈ ಸಂಖ್ಯೆಯ ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸುವ ಇನ್ನೊಂದು.

ಮೂರನೆಯದು ಚಾಂದ್ರವರ್ಗ. ಪೀಟರ್ ಗೇಬ್ರಿಯಲ್ ಸ್ವಂತ ಹೊಸ ಹಾಡುಗಳ ಆಲ್ಬಂ ತಂದದ್ದು 2002ರಲ್ಲಿ, ಮತ್ತೊಂದು 2023ರಲ್ಲಿ. ಅದೂ ಒಮ್ಮೆಗೇ ಅಲ್ಲ, ಹುಣ್ಣಿಮೆಗೊಂದು ಹಾಡು. ಪ್ರತಿ ಹಾಡಿಗೂ ‘ಬ್ರೈಟ್ ಸೈಡ್’, ‘ಡಾರ್ಕ್ ಸೈಡ್’ ಎಂದು ಎರಡು ಪಾಠ: ಶುಕ್ಲಪಕ್ಷ, ಕೃಷ್ಣಪಕ್ಷ. ಇವರನ್ನು ಕೇಳುವವರು ಪಂಚಾಂಗ ಇಟ್ಟುಕೊಂಡಿರಬೇಕು.

ನಾಲ್ಕನೆಯದು ಚಾಕ್ಷುಷವರ್ಗ, ಶಾಸ್ತ್ರಕಾರನಿಗೆ ತಲೆನೋವು. ಇಂಗ್ಲೆಂಡಿನ ‘ಟೆನ್ ಸಿಸಿ’ ತಂಡದ ಡ್ರಮ್ಮರ್, ಗಾಯಕ ಕೆವಿನ್ ಗಾಡ್ಲಿ ಗೆಳೆಯ ಲಾಲ್ ಕ್ರೀಮ್ ಜೊತೆ 1976ರಲ್ಲಿ ತಂಡ ಬಿಟ್ಟರು. ಕೈಯಲ್ಲಿದ್ದದ್ದು ‘ಗಿಜ್ಮೊ’: ಪುಟ್ಟ ಗಾಲಿಗಳಿಂದ ಗಿಟಾರಿನ ತಂತಿ ಉಜ್ಜಿ ಪಿಟೀಲಿನ ನಾದ ಹೊರಡಿಸುವ ಸಾಧನ. ಅದನ್ನು ಮೆರೆಸಲು ಮರುವರ್ಷವೇ ಮೂರು ತಟ್ಟೆಗಳ ಆಲ್ಬಂ ಮಾಡಿದರು, ಕೊಂಡವರು ಕಡಿಮೆ. ಮುಂದೆ ಇಬ್ಬರೂ ಕ್ಯಾಮೆರಾ ಹಿಂದೆ ನಿಂತರು. 1983ರಲ್ಲಿ ಪೊಲೀಸ್ ತಂಡದ ‘ಎವ್ರಿ ಬ್ರೆತ್ ಯು ಟೇಕ್’ ವಿಡಿಯೋ, ಯಂತ್ರಗೊಂಬೆಗಳು ಕುಣಿಯುವ ಹರ್ಬಿ ಹ್ಯಾನ್‌ಕಾಕ್ ಅವರ ‘ರಾಕಿಟ್’. 1985ರಲ್ಲಿ ಒಂದು ಮುಖ ಕರಗಿ ಇನ್ನೊಂದಾಗುವ, ತಮ್ಮದೇ ‘ಕ್ರೈ’. ಜೋಡಿಯ ಕೊನೆಯ ಆಲ್ಬಂ 1988ರದು. ಬಳಿಕ ಗಾಡ್ಲಿ ಒಬ್ಬರೇ ಯು ಟೂ ತಂಡದ ‘ನಂಬ್’, ಬೀಟಲ್ಸ್‌ನ ‘ರಿಯಲ್ ಲವ್’ ವಿಡಿಯೋಗಳನ್ನು ನಿರ್ದೇಶಿಸಿದರು. ಅವರ ಮೊದಲ ಸ್ವಂತ ಆಲ್ಬಂ ‘ಮಸಲ್ ಮೆಮರಿ’ ಬಂದದ್ದು 2020ರ ಡಿಸೆಂಬರಿನಲ್ಲಿ, 75ರ ಪ್ರಾಯದಲ್ಲಿ. ಸಂಗೀತ ಬೇರೆಯವರು ಕಳಿಸಿದ್ದು, ಮಾತು ಮತ್ತು ದನಿ ಇವರದು. ಟ್ಯೂನಿಗೆ ಸಾಹಿತ್ಯ ಕೂರಿಸುವ ನಮ್ಮ ಚಿತ್ರಸಾಹಿತಿಗಳಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಪೂರ್ವಪಕ್ಷ: ಇದು ಪುನರಾಗಮನವೇ ಅಲ್ಲ. 32 ವರ್ಷದ ಈ ಅಂತರದಲ್ಲೂ ದುಡಿಯುತ್ತಿದ್ದವರು ಹೋದದ್ದಾದರೂ ಎಲ್ಲಿಗೆ? ಹೋಗದವರು ಮರಳುವುದು ಹೇಗೆ?

ಸಿದ್ಧಾಂತ: ಅವರು ಕಣ್ಣಿನ ಖಾತೆಯಲ್ಲಿ ಹಾಜರು, ಕಿವಿಯ ಖಾತೆಯಲ್ಲಿ ಗೈರು. ಅಂತರವೆಂಬುದು ಗಾಯಕರದ್ದಲ್ಲ, ಹಾಜರಿ ಪುಸ್ತಕ ಹಿಡಿದವರದ್ದು.

ಇಲ್ಲಿಗೆ ಶಾಸ್ತ್ರ ಮುಗಿಯಬೇಕಿತ್ತು. ಆದರೆ 2011ರ ಆಲ್ಬಂ ನಂತರ ಮತ್ತೆ ಕಾಡು ಸೇರಿದ ಕೇಟ್ ಬುಷ್, 2024ರಲ್ಲಿ ತಾವೇ ಬರೆದು ನಿರ್ದೇಶಿಸಿದ ‘ಲಿಟಲ್ ಶ್ರೂ’ ಎಂಬ ಅನಿಮೇಷನ್ ಕಿರುಚಿತ್ರದೊಂದಿಗೆ ಬಂದರು. ಹಾಡು ಮಾತ್ರ ಆ 2011ರದ್ದೇ. 2025ರ ಫೆಬ್ರವರಿಯಲ್ಲಿ, ಕೃತಕ ಬುದ್ಧಿಮತ್ತೆಗಾಗಿ ಹಕ್ಕುಸ್ವಾಮ್ಯ ಸಡಿಲಿಸುವ ಬ್ರಿಟನ್ನಿನ ಪ್ರಸ್ತಾವ ವಿರೋಧಿಸಿ 1000ಕ್ಕೂ ಹೆಚ್ಚು ಸಂಗೀತಗಾರರು ತಂದ ಆಲ್ಬಂನಲ್ಲಿ ಅವರ ಹೆಸರೂ ಇತ್ತು. ಅದರಲ್ಲಿದ್ದದ್ದು ಖಾಲಿ ಸ್ಟುಡಿಯೋಗಳ ನಿಶ್ಶಬ್ದ.

ಆಲ್ಬಂ ಬಂತು, ಹಾಡು ಬರಲಿಲ್ಲ. ಹಾಜರಿ ಪುಸ್ತಕದ ಆ ಸಾಲನ್ನು ಸದ್ಯ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.