ಟವೆಲ್ಲಿನಡಿಯ ಕಲಾಲೋಕ

ಸ್ಫೂರ್ತಿ ಬರಬೇಕಾದರೆ ಕಲಾವಿದರು ದೂರ ಹೋಗಲೇಬೇಕಂತೆ. ಕವಿಗಳಿಗೆ ಆಗುಂಬೆಯ ಸೂರ್ಯಾಸ್ತ, ಚಿತ್ರಕಾರರಿಗೆ ಹಂಪಿಯ ಬಂಡೆ, ಇಬ್ಬರಿಗೂ ರಜೆ ಸಿಗದಿದ್ದರೆ ನಂದಿಬೆಟ್ಟದ ಮಂಜು. ಅಲ್ಲಿಗೆ ಹೋಗುವ ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಬೇಯಿಸಿದ ಜೋಳ ತಿಂದು, ಒಂದು ಸೆಲ್ಫಿಗಾಗುವಷ್ಟು ಸ್ಫೂರ್ತಿ ಕಟ್ಟಿಕೊಂಡು ವಾಪಸ್ಸು ಬರುತ್ತಾರೆ. ಅಷ್ಟು ಪೆಟ್ರೋಲು ಸುಡುವ ಬದಲು ಹಿತ್ತಲಿಗೆ ಹೋಗಿ, ಬಟ್ಟೆ ಒಣಹಾಕುವ ಹಗ್ಗದ ಮೇಲಿನ ಟವೆಲ್ಲನ್ನು ಒಂಚೂರು ಎತ್ತಿ ನೋಡಿದ್ದರೆ ಸಾಕಿತ್ತು.

ಟವೆಲ್ಲನ್ನೇ ಯಾಕೆ ಎತ್ತಬೇಕು ಅಂತ ಗಂಡಸರು ಕೇಳಬಹುದು. ಹೆಂಗಸರು ಕೇಳುವುದಿಲ್ಲ. ಗಂಡಸರ ಬನಿಯನ್ನು ತನ್ನ ಅಷ್ಟೂ ತೂತುಗಳ ಸಮೇತ ಹಗ್ಗದ ನಟ್ಟನಡುವೆ ಗಾಂಭೀರ್ಯದಿಂದ ಹಾರಾಡುತ್ತದೆ. ಅದರ ಮೂರು ಪಟ್ಟು ದುಡ್ಡು ಕೊಟ್ಟು ತಂದ ಲೇಸಿನ ಬ್ರಾ ಮಾತ್ರ ಏನೋ ಅಪರಾಧ ಮಾಡಿದ ಹಾಗೆ ಒದ್ದೆ ಟವೆಲ್ಲಿನ ಕೆಳಗೆ ಮುದುರಿಕೊಂಡು ಅರೆಬರೆ ಒಣಗುತ್ತದೆ. ಇದೇ ನಾವು ಬೇಲೂರಿಗೆ ಹೋದರೆ ಮಾವ, ಅತ್ತೆ, ಮಕ್ಕಳ ಸಮೇತ ಕತ್ತೆತ್ತಿ ನಿಂತು, ಗೈಡು ವರ್ಣಿಸಿದಷ್ಟು ಹೊತ್ತೂ ಮದನಿಕೆಯರನ್ನು ನೋಡಿ "ಆಹಾ, ಎಂಥ ಕುಸುರಿ!" ಅನ್ನುತ್ತೇವೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಕುಸುರಿಗೆ ಕ್ಯಾಮೆರಾ, ಈ ವರ್ಷ ಕೊಂಡ ಕುಸುರಿಗೆ ಟವೆಲ್ಲು.

ಕುಸುರಿಯಂತೂ ಉಂಟು. ಬ್ರಾದ ಎರಡು ಕಪ್ಪುಗಳು ಕೂಡುವ ಜಾಗದಲ್ಲಿ ಉಗುರಿನಷ್ಟು ಗಾತ್ರದ ಸ್ಯಾಟಿನ್ ಬೋ ಇರುತ್ತದಲ್ಲ, ಅದನ್ನು ನೋಡಿ. ಎಳೆದರೆ ಏನೂ ಬಿಚ್ಚಿಕೊಳ್ಳುವುದಿಲ್ಲ, ಇಲ್ಲದಿದ್ದರೆ ಏನೂ ಬಿದ್ದುಹೋಗುವುದಿಲ್ಲ. ನಾಲ್ಕು ಸಲ ಒಗೆಯುವಷ್ಟರಲ್ಲಿ ಒಂದೇ ಎಳೆಯಲ್ಲಿ ನೇತಾಡುತ್ತಿರುತ್ತದೆ. ಆದರೂ ಯಾವುದೋ ಕಾರ್ಖಾನೆಯಲ್ಲಿ ಯಾರೋ ಕೂತು ಅದನ್ನು ಕಟ್ಟಿ, ಸರಿಯಾಗಿ ನಡುವಿಗೆ ಹೊಲಿದಿದ್ದಾರೆ. ನನ್ನ ಅಜ್ಜಿ ತನ್ನ ಒಳಲಂಗದ ಅಂಚಿಗೆಲ್ಲ ಕ್ರೋಶಾ ಲೇಸು ಹೆಣೆದುಕೊಂಡಿದ್ದಳು. ಮೇಲೆ ಪಾದ ಮುಚ್ಚುವ ಸೀರೆ. ಯಾರಿಗೆ ಕಾಣಲಿ ಅಂತ ಈ ಲೇಸು ಅಂತ ಕೇಳಿದ್ದಕ್ಕೆ, "ನಿಂಗೆ ಕಾಣ್ಲಿ ಅಂತ ಹಾಕಿದ್ದಲ್ಲ, ಹೋಗೇ" ಅಂದಳು. ಕಲೆ ಯಾರಿಗಾಗಿ ಎಂಬ ವಿಷಯದ ಮೇಲೆ ಮೂರು ದಿನದ ವಿಚಾರ ಸಂಕಿರಣ, ಊಟ-ವಸತಿ ಸಮೇತ ಏರ್ಪಡಿಸುವವರು ಈ ಉತ್ತರವನ್ನು ಗಮನಿಸಬೇಕು.

ಬೆನ್ನ ಹಿಂದಿನ ಹುಕ್ಕಿಗೆ ನೇರವಾಗಿ ಸಾಹಿತ್ಯದ ನಂಟೇ ಇದೆ. ಟಾಮ್ ಸಾಯರನ ಕಥೆ ಬರೆದ ಮಾರ್ಕ್ ಟ್ವೈನ್, ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಎಂಬ ತನ್ನ ಸ್ವಂತ ಹೆಸರಿನಲ್ಲಿ, 1871ರ ಡಿಸೆಂಬರಿನಲ್ಲಿ ಒಂದು ಪೇಟೆಂಟು ಪಡೆದ. ಬೇಕಾದಷ್ಟು ಬಿಗಿ ಮಾಡಿ, ಬೇಡವಾದಾಗ ಬಿಚ್ಚಿ ತೆಗೆಯಬಹುದಾದ ಪಟ್ಟಿ ಅದು. ವೇಸ್ಟ್‌ಕೋಟು, ಪ್ಯಾಂಟು ಮುಂತಾದವಕ್ಕೆ ಅಂತ ಮಾಡಿದ್ದು. ವೇಸ್ಟ್‌ಕೋಟಿನವರು ಮರೆತರೂ ಆ ಉಪಾಯ ಬ್ರಾದ ಬೆನ್ನಿನಲ್ಲಿ ಭದ್ರವಾಗಿ ಉಳಿದುಕೊಂಡಿತು. ಸಾಹಿತಿಗಳು ಹೊಟ್ಟೆಕಿಚ್ಚು ಪಡಬೇಕಾದ ವಿಷಯವಿದು. ಎರಡೂ ಕೈ ಹಿಂದಕ್ಕೆ ಮಡಚಿ, ಉಸಿರು ಬಿಗಿಹಿಡಿದು, ಪ್ರತಿದಿನ ಬೆಳಿಗ್ಗೆ ತಪ್ಪದೆ ನೆನೆಯುವ ಓದುಗರು ಬೇರೆ ಯಾರಿಗೆ ಸಿಕ್ಕಿದ್ದಾರೆ?

ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಇದರ ಉಲ್ಟಾ ದಾರಿ ಹಿಡಿದಳು, ಮೊದಲು ಬ್ರಾ, ಆಮೇಲೆ ಸಾಹಿತ್ಯ. 1910ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ನೃತ್ಯಕೂಟಕ್ಕೆ ಹೊರಟವಳ ತೆಳು ಗೌನಿನೊಳಗಿಂದ ಕಾರ್ಸೆಟ್ಟಿನ ಕಡ್ಡಿಗಳು ಇಣುಕತೊಡಗಿದವು. ತಿಮಿಂಗಿಲದ ಬಾಯಿಂದ ತೆಗೆದ ಕಡ್ಡಿಗಳನ್ನು ಹೆಂಗಸರ ಪಕ್ಕೆಗೆ ಬಿಗಿಯುತ್ತಿದ್ದ ಕಾಲ. ಅವಳು ಎರಡು ರೇಷ್ಮೆ ಕರವಸ್ತ್ರ, ಒಂದಿಷ್ಟು ಗುಲಾಬಿ ರಿಬ್ಬನ್ ತರಿಸಿ, ಮನೆಗೆಲಸದವಳ ಕೈಗೆ ಸೂಜಿ ಕೊಟ್ಟು ಹೊಲಿಸಿಕೊಂಡು ಕುಣಿಯಲು ಹೋದಳು. 1914ರ ನವೆಂಬರಿನಲ್ಲಿ ಪೇಟೆಂಟೂ ಬಂತು. ಸೂಜಿ ಹಿಡಿದವಳ ಹೆಸರು ಅದರಲ್ಲಿಲ್ಲ, ಇಂಥಾ ಕಾಗದಗಳಲ್ಲಿ ಎಲ್ಲಿರುತ್ತದೆ? ಆ ಹಕ್ಕನ್ನು ಒಂದು ಕಾರ್ಸೆಟ್ ಕಂಪನಿಗೆ 1500 ಡಾಲರಿಗೆ ಮಾರಿದ ಮೇರಿ, ಮುಂದೆ ಪ್ಯಾರಿಸಿನಲ್ಲಿ ಕ್ಯಾರೆಸ್ ಕ್ರಾಸ್ಬಿ ಎಂಬ ಹೆಸರಿನಿಂದ ಗಂಡನ ಜೊತೆ ಬ್ಲ್ಯಾಕ್ ಸನ್ ಪ್ರೆಸ್ ನಡೆಸಿದಳು. ಜೇಮ್ಸ್ ಜಾಯ್ಸ್, ಡಿ. ಎಚ್. ಲಾರೆನ್ಸ್‌ರ ಬರಹಗಳನ್ನು ಅಚ್ಚು ಹಾಕಿದಳು. ಬ್ರಾ ಬಿಟ್ಟು ಪ್ರಕಾಶನಕ್ಕೆ ಇಳಿದವಳಿಗೆ ಲಾಭದ ಆಸೆ ಇರಲಿಲ್ಲವೆಂದು ನಮ್ಮ ಪ್ರಕಾಶಕರು ಪ್ರಮಾಣ ಮಾಡಿ ಹೇಳಿಯಾರು.

ಚಿತ್ರಕಾರರಲ್ಲಿ ಟವೆಲ್ಲು ಎತ್ತುವ ಧೈರ್ಯ ಮಾಡಿದವರಿಗೆ ಮೊದಲು ಮಂಗಳಾರತಿಯೇ ಆಗಿದೆ. ಎದುವಾರ್ ಮಾನೆ 1877ರಲ್ಲಿ 'ನಾನಾ' ಚಿತ್ರ ಬರೆದ. ತಿಳಿನೀಲಿ ಕಾರ್ಸೆಟ್ಟು, ಬಿಳಿ ಒಳಲಂಗ ತೊಟ್ಟ ಹೆಣ್ಣು ಪೌಡರ್ ಬಡಿದುಕೊಳ್ಳುತ್ತ ನಮ್ಮ ಕಡೆ ತಿರುಗಿದ್ದಾಳೆ. ಸೋಫಾದ ತುದಿಯಲ್ಲಿ ಟೋಪಿ ಹಾಕಿದ ಗೌರವಸ್ಥ ಕಾಯುತ್ತ ಕೂತಿದ್ದಾನೆ, ಚೌಕಟ್ಟು ಅವನನ್ನು ಅರ್ಧಕ್ಕೇ ಕತ್ತರಿಸಿದೆ. ಪ್ಯಾರಿಸಿನ ಸಲೋನ್ ಪ್ರದರ್ಶನದವರು ಆಗುವುದಿಲ್ಲವೆಂದರು. ಚಿತ್ರ ಒಂದು ಅಂಗಡಿಯ ಕಿಟಕಿಗೆ ಹೋಯಿತು, ಜನ ಮುಗಿಬಿದ್ದರು. ಬಟ್ಟೆಯೇ ಇಲ್ಲದ ದೇವತೆಯರನ್ನು ಅದೇ ಸಲೋನಿನವರು ಗೋಡೆ ತುಂಬ ತೂಗುಹಾಕುತ್ತಿದ್ದರು ಅನ್ನುವುದು ಬೇರೆ ಮಾತು. ಅವರನ್ನು ಕಾಡಿದ್ದು ಬತ್ತಲೆಯಲ್ಲ, ಪಕ್ಕದ ಬೀದಿಯಲ್ಲಿ ಕೊಂಡು ತಂದ ಕಾರ್ಸೆಟ್ಟು.

ಜಾನ್ ಪಾಲ್ ಗೋತಿಯೆ ಎಂಬ ಇನ್ನೊಬ್ಬ ಫ್ರೆಂಚ್ ಮಹಾಶಯ, ವಸ್ತ್ರವಿನ್ಯಾಸಕ, ಹುಡುಗನಾಗಿದ್ದಾಗಲೇ ಅಜ್ಜಿಯ ಬೀರು ಜಾಲಾಡಿ ಕಾರ್ಸೆಟ್ಟು ಕಂಡು ಬೆರಗಾದವನು. ಆಡಲು ಗೊಂಬೆ ಕೇಳಿದ್ದಕ್ಕೆ ಸಿಕ್ಕಿದ್ದು ಕರಡಿ. ಅದಕ್ಕೇ ಕಾಗದದ ಶಂಕು ಸುತ್ತಿ ಬ್ರಾ ತೊಡಿಸಿದ. 1990ರಲ್ಲಿ ಅದೇ ಶಂಕುಗಳು ಗಾಯಕಿ ಮಡೋನಾಳ ಎದೆಯ ಮೇಲೆ ಜಗತ್ತು ಸುತ್ತಿದವು, ಕರಡಿಯೂ ಮುಂದೆ ಕಲಾ ಪ್ರದರ್ಶನಕ್ಕೆ ಹೋಯಿತು. ನಮ್ಮಲ್ಲಾಗಿದ್ದರೆ ಹುಡುಗನಿಗೆ ಬೆನ್ನ ಮೇಲೆ ಎರಡು ಬಿಟ್ಟು, ಅವತ್ತು ಸಂಜೆಯೇ ಗಣಿತದ ಟ್ಯೂಷನ್ನಿಗೆ ಹಾಕುತ್ತಿದ್ದರು.

ಹಾಗಂತ ಗಣಿತ ಇಲ್ಲೇನು ಕಡಿಮೆಯೇ? ಚಪ್ಪಟೆ ಬಟ್ಟೆಯನ್ನು ಉಬ್ಬುತಗ್ಗಿನ ಮೈಗೆ ಒಗ್ಗಿಸುವುದು ಹುಡುಗಾಟವಲ್ಲ. ಬಟ್ಟೆಯನ್ನು ಚೂಪಾಗಿ ಮಡಚಿ ಟಕ್ಸ್ ಹಿಡಿದರೆ, ಮಡಿಕೆಯ ತುದಿಯಲ್ಲಿ ಬಟ್ಟೆ ತಾನೇ ಉಬ್ಬುತ್ತದೆ. ಕಟೋರಿ ಬ್ಲೌಸಿಗಾದರೆ ಬಟ್ಟಲಿನ ಭಾಗವನ್ನೇ ಬೇರೆ ಕತ್ತರಿಸಿ ಕೂಡಿಸಬೇಕು. ದುಂಡಗಿನ ಭೂಮಿಯನ್ನು ಹಾಳೆಯ ಮೇಲೆ ಚಪ್ಪಟೆ ಮಾಡಲು ನಕಾಶೆ ಪಂಡಿತರು ಶತಮಾನಗಟ್ಟಲೆ ತಿಣುಕಿದರು. ಅದರ ಉಲ್ಟಾ ಲೆಕ್ಕವನ್ನು ನಮ್ಮ ಬ್ಲೌಸ್ ಟೇಲರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಸೀಮೆಸುಣ್ಣದಲ್ಲಿ ನಾಲ್ಕು ಗೀಟು ಎಳೆದು ಮುಗಿಸುತ್ತಾರೆ. ಮುಗಿಸಿದ್ದನ್ನು ಕೊಡುವುದು ಮಾತ್ರ "ನಾಳೆ ಬನ್ನಿ". ಇನ್ನು ಗುಳೇದಗುಡ್ಡದ ಖಣ ನೇಯುವವರು ಸ್ಫೂರ್ತಿಗೆಂದು ಯಾವ ಬೆಟ್ಟಕ್ಕೂ ಹೋದವರಲ್ಲ. ಬೀದಿಯಲ್ಲಿ ಬಂದ ತೇರು, ಆನೆ ಹೆಜ್ಜೆ, ಅಂಗಳದ ಸೂಜಿಮಲ್ಲಿಗೆ, ಎಲ್ಲವನ್ನೂ ಒಂದು ಕುಬಸದಗಲದ ಬಟ್ಟೆಯಲ್ಲಿ ಕೂರಿಸಿದರು.

ಈ ಹೊಲಿಗೆಯ ಲೆಕ್ಕ ಚಂದ್ರನವರೆಗೂ ಹೋಗಿದೆ. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ತೊಟ್ಟ ಅಂಗಿ ತಯಾರಾದದ್ದು ಪ್ಲೇಟೆಕ್ಸ್ ಬ್ರಾ, ಗರ್ಡಲ್ ಮಾಡುತ್ತಿದ್ದ ಇಂಟರ್‌ನ್ಯಾಷನಲ್ ಲೇಟೆಕ್ಸ್ ಕಂಪನಿಯಲ್ಲಿ. ಮೈ ಬಿಗಿಹಿಡಿಯಬೇಕು, ಮೈ ಬಗ್ಗಲೂ ಬಿಡಬೇಕು, ಈ ಇಬ್ಬಂದಿ ಗೊತ್ತಿದ್ದದ್ದು ಅವರಿಗೇ. ಬ್ರಾ ಹೊಲಿದ ಕೈಗಳೇ ಇಪ್ಪತ್ತೊಂದು ಪದರಗಳನ್ನು ಹೊಲಿದವು. ಒಂದು ಗುಂಡುಸೂಜಿ ಒಳಗೆ ಮರೆತರೆ ಮನುಷ್ಯನ ಉಸಿರೇ ಸೋರಿಹೋಗುವಂಥ ಕೆಲಸ. ಚಂದ್ರನ ಮೇಲೆ ಕಾವ್ಯ ಬರೆದವರ ಪಟ್ಟಿಯಲ್ಲಿ ಇವರ ಹೆಸರು ಕಾಣೆ.

ಇಷ್ಟೆಲ್ಲ ಹಿನ್ನೆಲೆಯ ವಸ್ತುವನ್ನು ಅಂಗಡಿಗೆ ಹೋಗಿ ಕೇಳಿ ನೋಡಿ. "ಕರಿ, ಬಿಳಿ, ಸ್ಕಿನ್ ಕಲರ್, ಮೂರೇ ಇರೋದು ಅಕ್ಕಾ." ಯಾರ ಸ್ಕಿನ್ನಪ್ಪಾ ಅಂದರೆ ಆ ಹುಡುಗ ನನ್ನನ್ನು ನೋಡದೆ, ಡಬ್ಬದ ಮೇಲಿನ ಬೆಳ್ಳಗಿನ ಹುಡುಗಿಯನ್ನು ತೋರಿಸುತ್ತಾನೆ. ಆಮೇಲೆ ಹಳೆ ಪೇಪರಿನಲ್ಲಿ ಸುತ್ತಿ, ಅದನ್ನು ಕಪ್ಪು ಕವರಿಗೆ ಹಾಕಿ, ಕಳ್ಳಮಾಲು ದಾಟಿಸುವ ಗತ್ತಿನಲ್ಲಿ ಕೈಗಿಡುತ್ತಾನೆ.

ಗಂಡಸರು ಬೇಸರ ಮಾಡಿಕೊಳ್ಳಬಾರದು, ಅವರ ಪಟಾಪಟಿ ಚಡ್ಡಿಯೂ ಸಣ್ಣ ಕಲಾಕೃತಿಯೇನಲ್ಲ. ಫ್ರಾನ್ಸಿನ ಕಲಾವಿದ ಡೇನಿಯಲ್ ಬ್ಯುರೆನ್ 1965ರಲ್ಲಿ ಪ್ಯಾರಿಸಿನ ಬಟ್ಟೆ ಮಾರುಕಟ್ಟೆಯಲ್ಲಿ ಪಟ್ಟೆಪಟ್ಟೆ ಬಟ್ಟೆ ಕಂಡ, ಅಂಗಡಿ ಮುಂದೆ ನೆರಳಿಗೆ ಕಟ್ಟುವಂಥದ್ದು. ಒಂದೊಂದು ಪಟ್ಟೆ 8.7 ಸೆಂಟಿಮೀಟರ್ ಅಗಲ. ಅದನ್ನೇ ಹಿಡಿದ, ಆಮೇಲೆ ಬಿಡಲೇ ಇಲ್ಲ. 1986ರಲ್ಲಿ ಅಲ್ಲಿಯ ಪಾಲೆ ರೊಯಾಲ್ ಅರಮನೆಯ ಅಂಗಳದಲ್ಲಿ 260 ಪಟ್ಟೆಪಟ್ಟೆ ಕಂಬ ನಿಲ್ಲಿಸಿದ. ಊರೆಲ್ಲ ಮೊದಲು ಬೈದು, ಈಗ ಅವುಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತದೆ. ನೀಲಿ, ಕೆಂಪು, ಹಸಿರು ಗೀಟುಗಳ ನಮ್ಮ ಪಟಾಪಟಿಗೆ ಸಿನಿಮಾದ ಹಾಸ್ಯ ಪಾತ್ರಗಳ ಸೊಂಟ ಬಿಟ್ಟರೆ ಬೇರೆ ವೇದಿಕೆ ಸಿಕ್ಕಿಲ್ಲ. ಯಾರಾದರೂ ಒಂದು ಪ್ರದರ್ಶನ ಏರ್ಪಡಿಸಬೇಕು. ಉದ್ಘಾಟನೆಗೆ ಬಂದ ಸಚಿವರಿಗೆ ಟೇಪು, ಕತ್ತರಿ, ತಟ್ಟೆ ಅಂತ ಒದ್ದಾಡುವ ಗೋಜೂ ಇಲ್ಲ, ಒಂದು ಲಾಡಿ ಎಳೆದರೆ ಮುಗಿಯಿತು.